ಸ್ಟೋಮಾ ಅಂದರೆ ಬಾಯಿ

ಹಗಲು ಹೊತ್ತಿನಲ್ಲಿ ಯಾರ ಮನೆಯಿಂದಲಾದರೂ ಸಾಂಬ್ರಾಣಿಯ ವಾಸನೆ ಬಂದರೆ ನನಗೆ ದೇವರ ನೆನಪಾಗುವುದಿಲ್ಲ. ಬನಶಂಕರಿಯ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆ, ಅದರ ಮುಚ್ಚಿದ ಬಾಗಿಲು ನೆನಪಾಗುತ್ತದೆ. ಅದು ಶಾರದತ್ತೆಯ ಕೋಣೆ. ಅಪ್ಪನ ಅಕ್ಕ, ಮದುವೆಯಾಗಿರಲಿಲ್ಲ. ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ನಾನೂ ಅಲ್ಲೇ ಓದುತ್ತಿದ್ದೆ. ಕಾಂಪೌಂಡಿನಾಚೆ ಬಾಗಿದ ಗಿಡದ ಎಲೆ ಮುರಿದು, ಅದರ ಅಡಿಬದಿಯ ಸಿಪ್ಪೆಯನ್ನು ಉಗುರಿನಿಂದ ತೆಳ್ಳಗೆ ಎಬ್ಬಿಸಿ, ಬಿಸಿಲಿಗೆ ಹಿಡಿದು ತೋರಿಸುತ್ತ ನನ್ನ ಜೊತೆ ಶಾಲೆಯ ದಾರಿ ಸವೆಸುವವರು ಅವರು.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅತ್ತೆಗೆ ಕರುಳಿನ ಆಪರೇಷನ್ ಆಯಿತು. ಹೊಟ್ಟೆಯ ಎಡಕ್ಕೆ ಮಲ ಹೋಗಲು ಹೊಸ ದಾರಿ ಮಾಡಿ, ಅದರ ಮೇಲೊಂದು ಚೀಲ ಅಂಟಿಸಿ ಕಳಿಸಿದರು. "ಹೊಟ್ಟೆಗೆ ತೂತು ಹಾಕಿ ಕಳಿಸಿಬಿಟ್ರು" ಎಂದು ಅಮ್ಮನಿಗೊಮ್ಮೆ ಹೇಳಿದ್ದು ಬಿಟ್ಟರೆ ಅತ್ತೆ ಅದರ ಮಾತೆತ್ತಲಿಲ್ಲ. ನಮ್ಮ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟರು. ವಾಸನೆ ಬಂದೀತೆಂಬ ಭಯಕ್ಕೆ ಬೆಳಗಿನಿಂದಲೇ ಸಾಂಬ್ರಾಣಿ ಹಾಕಿಕೊಂಡು ಒಳಗೇ ಇರುತ್ತಿದ್ದರು. ಒಂದು ದಿನ ರಾಜೀನಾಮೆ ಬರೆದು, ಹೆಡ್ ಮೇಡಂಗೆ ಕೊಡೆಂದು ನನ್ನ ಕೈಗಿಟ್ಟರು. ಕೊಡಲು ಮನಸ್ಸಾಗದೆ ಅದು ಎರಡು ದಿನ ನನ್ನ ಬ್ಯಾಗಿನಲ್ಲೇ ಉಳಿಯಿತು.

ಮೂರನೆಯ ಸಂಜೆ ಕಾಫಿ ಕೊಡಲು ಹೋದಾಗ ಮಂಚದ ಮೇಲೆ ಆಸ್ಪತ್ರೆಯ ಕಾಗದ ಕಂಡಿತು. ಚೀಲ ಬದಲಿಸುವ ಚಿತ್ರಗಳು, ಮೇಲೆ ಇಂಗ್ಲಿಷಿನಲ್ಲಿ 'ಸ್ಟೋಮಾ'.

"ಅತ್ತೆ, ಎಲೇಲಿರೋದು ಸ್ಟೊಮೇಟಾ ಅಂತ ನೀವೇ ಹೇಳ್ಕೊಟ್ರಲ್ಲ. ಇದೂ ಅದೇನಾ?"

ಕೇಳಬಾರದಿತ್ತೇನೋ ಅನ್ನಿಸಿತು. ಅತ್ತೆ ಕಾಗದ ಎತ್ತಿಕೊಂಡು ನೋಡಿದರು. ಆಮೇಲೆ ಮಾತಾಡಿದ್ದು ಕ್ಲಾಸಿನ ದನಿಯಲ್ಲಿ.

"ಅದೇ ಪದ ಕಣೇ. ಒಂದಿದ್ರೆ ಸ್ಟೋಮಾ, ಜಾಸ್ತಿ ಇದ್ರೆ ಸ್ಟೊಮೇಟಾ. ಗ್ರೀಕ್ ಮಾತು. ಬಾಯಿ ಅಂತ ಅರ್ಥ."

"ನಮ್ಮ ಪುಸ್ತಕದಲ್ಲಿ ಪತ್ರರಂಧ್ರ ಅಂತಿದೆ. ರಂಧ್ರ ಅಂದ್ರೆ ತೂತಲ್ವಾ?"

"ನಾವು ತೂತು ಅಂದ್ವಿ. ಅವ್ರು ಬಾಯಿ ಅಂದ್ರು." ಅತ್ತೆ ಕಾಗದದ ಚಿತ್ರದ ಮೇಲೆ ಬೆರಳಿಟ್ಟರು. "ಎಲೆ ಉಸಿರಾಡೋದು, ನೀರು ಬಿಡೋದು ಎಲ್ಲ ಅದ್ರಿಂದ್ಲೇ. ಪೂರ್ತಿ ಮುಚ್ಚೇ ಇದ್ರೆ ಎಲೆ ಬದುಕಲ್ಲ. ಇಷ್ಟು ವರ್ಷ ಪಾಠ ಮಾಡ್ದೆ, ನನ್ನ ಹೊಟ್ಟೆ ಮೇಲೇ ಬಂದಾಗ ತಲೆಗೆ ಹೊಳೀಲಿಲ್ಲ ನೋಡು."

ರಾಜೀನಾಮೆ ಕೊಟ್ಟೆಯಾ ಎಂದು ಕೇಳಿದರು. ಇಲ್ಲವೆಂದೆ. ವಾಪಸ್ ಕೊಡೆಂದು ಕೈ ಚಾಚಿದರು.

ಅಂದು ಅತ್ತೆ ಊಟಕ್ಕೆ ಹೊರಗೆ ಬಂದರು. ಅಮ್ಮ ಅಳುಕುತ್ತ ಒಂದು ಚಪಾತಿ ಬಡಿಸಿದಾಗ, "ಎರಡು ಬಾಯಿ ಇರೋಳಿಗೆ ಒಂದೇನಾ?" ಎಂದರು. ನಗಬೇಕೋ ಬೇಡವೋ ತಿಳಿಯದೆ ಅಪ್ಪ ತಟ್ಟೆ ನೋಡಿಕೊಂಡರು. ಮೊದಲು ನಕ್ಕದ್ದು ಅತ್ತೆಯೇ.

ಮುಂದಿನ ತಿಂಗಳು ಶಾಲೆಗೆ ಮರಳಿ, ಇನ್ನೂ ಐದು ವರ್ಷ ಪಾಠ ಮಾಡಿದರು. ಆಮೇಲೆ ಕಾಯಿಲೆ ಮತ್ತೆ ಬಂತು. ಆ ಸಲ ಅವರನ್ನು ಬಿಡಲಿಲ್ಲ. ಮಾಲೀಕರು ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಿದರು, ನಾವು ಅಂಜನಾಪುರದ ಕಡೆ ಹೋದೆವು. ನೀವೂ ಇಂಥದೊಂದು ಬೀದಿಯನ್ನು ಬಿಟ್ಟು ಬಂದವರಾದರೆ, ಕಾಲು ತಾನಾಗಿ ಅತ್ತ ತಿರುಗುವುದು ನಿಮಗೂ ಗೊತ್ತಿರುತ್ತದೆ. ಕಳೆದ ವಾರ ನಮ್ಮ ಹಳೆಯ ಮನೆಯ ಜಾಗದಲ್ಲೆದ್ದ ಆ ಅಪಾರ್ಟ್‌ಮೆಂಟಿನ ಗೇಟಿನೆದುರು ನಿಂತಿದ್ದೆ. ಕಾವಲಿನವರು ಎದ್ದು ಬಂದು, "ಯಾರು ಬೇಕಿತ್ತು ಮೇಡಂ?" ಎಂದು ಕೇಳಿದರು. ಇನ್ನೇನು ಅತ್ತೆಯ ಹೆಸರು ಹೇಳಿಬಿಡುತ್ತಿದ್ದೆ. ಯಾರೂ ಇಲ್ಲ ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದೆ.