ಚೀಲದ ತಳದ ಉಪ್ಪು

ಗಿರಾಕಿಗಳೇ ಬಿಲ್ ಮಾಡಿಕೊಳ್ಳುವ ಆ ನಾಲ್ಕು ಯಂತ್ರಗಳು ನಮ್ಮ ಅಂಗಡಿಗೆ ಬಂದ ದಿನ ಮ್ಯಾನೇಜರು ನಮಗೆಲ್ಲ ಲಡ್ಡು ಹಂಚಿದರು. ಲಡ್ಡು ಬಾಯಲ್ಲಿರುವಾಗಲೇ, ಐದು ಬಿಲ್ ಕೌಂಟರುಗಳಲ್ಲಿ ನಾಲ್ಕನ್ನು ತೆಗೆಯುತ್ತೇವೆ ಅಂದರು. ಸಿಹಿ ತಿನ್ನಿಸಿ ಕಹಿ ಹೇಳುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ಉಗುಳಲೂ ಆಗದೆ ನುಂಗಲೂ ಆಗದೆ ಸ್ವಲ್ಪ ಹೊತ್ತು ನಿಂತಿದ್ದೆ. ಕೊನೆಗೆ ನುಂಗಿದೆ.

ಅಂಗಡಿ ಇರುವುದು ಮಾನಂದವಾಡಿಯಲ್ಲಿ. ನಾನು ಗಡಿಯಂಚಿನ ಬಾವಲಿಯವಳು. ನಮ್ಮ ಹಿರಿಯರು ಗಡಿಯ ಆಚೆಯ ಕನ್ನಡ ಸೀಮೆಯಿಂದ ಎತ್ತು ಹೊಡೆದುಕೊಂಡು ಬಂದು ಇಲ್ಲಿ ಗದ್ದೆ ಮಾಡಿದವರು. ನಮಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಸಿಟ್ಟು ಬಂದಾಗ ಎರಡೂ. ಗಂಡ ಮೆಣಸು ಕೀಳುವ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ ಉಳಿಯಿತು. ಆ ಕೈ ಹನ್ನೊಂದು ವರ್ಷ ಮೂರನೇ ಕೌಂಟರಿನಲ್ಲಿ ಸೋಪು, ಬಿಸ್ಕತ್ತು, ಒಣಮೀನುಗಳನ್ನು ಕೆಂಪು ಬೆಳಕಿಗೆ ತೋರಿಸಿ ಬೀಪ್ ಅನ್ನಿಸಿದೆ. ಘನವಾದ ಕೆಲಸವೇನಲ್ಲ, ಒಪ್ಪುತ್ತೇನೆ. ಆದರೆ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ, ಯಾವನು ಕುಡಿತ ಬಿಟ್ಟೆನೆಂದು ಸುಳ್ಳು ಹೇಳುತ್ತಿದ್ದಾನೆ ಎಲ್ಲವೂ ನನಗೆ ಅವರ ಬುಟ್ಟಿಯಿಂದಲೇ ಗೊತ್ತಾಗುತ್ತಿತ್ತು. ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಕೆಲವರಿಗೆ ಬೈದೂ ಇದ್ದೇನೆ.

ಕಾಡಂಚಿನ ಹಾಡಿಗಳಿಂದ ಬರುವವರು ಸೀದಾ ನನ್ನ ಸಾಲಿಗೇ ಬಂದು ನಿಲ್ಲುತ್ತಿದ್ದರು, ಪಕ್ಕದ ಕೌಂಟರ್ ಖಾಲಿ ಹೊಡೆಯುತ್ತಿದ್ದರೂ ಸರಿ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಅವರಲ್ಲೊಬ್ಬಳು ಬೇಗೂರಿನ ಕಡೆಯ ಹಾಡಿಯ ಅಜ್ಜಿ. ಶನಿವಾರ ಬೆಳಿಗ್ಗೆ ಬರುವವಳು. ಬಂದವಳೇ ಮೊದಲು ಆನೆಯ ಸುದ್ದಿ ಹೇಳಬೇಕು.

"ಬಸ್ಸು ಲೇಟಾತು ಮಗಳೇ. ರೋಡಲ್ಲೇ ನಿಂತಿತ್ತು, ದೊಡ್ಡದು. ಡ್ರೈವರು ಹಾರನ್ ಹೊಡೆಯಕ್ಕೆ ಹೋದ. ನಾ ಹೇಳ್ದೆ, ಸುಮ್ನಿರೋ, ಅದು ಅದರ ದಾರೀಲಿ ನಿಂತದೆ, ನೀನೇ ಅದರ ದಾರೀಲಿ ಬಂದಿರದು ಅಂತ."

"ಡ್ರೈವರು ಏನಂದ?"

"ಏನಂತಾನೆ, ಬಾಯಿ ಮುಚ್ಕೊಂಡ."

ಈ ಅಜ್ಜಿಯ ಉಪ್ಪಿನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು ಎಂಬುದು ನಮ್ಮ ಮನೆಯಲ್ಲೂ ಇತ್ತು. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ನಡುವಿನ ನಂಟು ಕಡಿದುಹೋಗುತ್ತದೆ ಎಂದು ಅಮ್ಮ ನಂಬಿದ್ದಳು. ಊಟಕ್ಕೆ ಕೂತವರು ಉಪ್ಪು ಕೇಳಿದರೆ ಬಟ್ಟಲನ್ನು ನೆಲಕ್ಕಿಟ್ಟು ಕೈ ಹಿಂದೆ ಎಳೆದುಕೊಳ್ಳುವಳು. ಕೇಳಿದವರು ಅಲ್ಲಿಂದ ಎತ್ತಿಕೊಳ್ಳಬೇಕು. ಅಜ್ಜಿಯ ಮನೆಯ ಕಟ್ಟುಪಾಡು ಇನ್ನೂ ಬಿಗಿ. ಸಂತೆಯಿಂದ ತರುವ ಚೀಲಕ್ಕೆ ಎಲ್ಲಕ್ಕಿಂತ ಮೊದಲು ಇಳಿಯಬೇಕಾದ್ದು ಉಪ್ಪು. ಒಮ್ಮೆ ಇಳಿದದ್ದನ್ನು ಮನೆಯ ಒಲೆಯ ಹತ್ತಿರವೇ ತೆಗೆಯಬೇಕು, ನಡುದಾರಿಯಲ್ಲಿ ಮೇಲೆತ್ತುವಂತಿಲ್ಲ.

ಹಾಗಾಗಿ ಅವಳು ಉಪ್ಪಿನ ಪ್ಯಾಕೆಟ್ಟನ್ನು ಕಪಾಟಿನಿಂದ ನೇರ ತನ್ನ ಬಟ್ಟೆಯ ಸಂಚಿಯ ತಳಕ್ಕೆ ಇಳಿಸಿ, ಉಳಿದದ್ದನ್ನು ಅಂಗಡಿಯ ಬುಟ್ಟಿಯಲ್ಲಿ ತರುತ್ತಿದ್ದಳು. ಕೌಂಟರಿಗೆ ಬಂದು ಸಂಚಿಯ ತಳವನ್ನು ಅಂಗೈಯಿಂದ ಎರಡು ಸಲ ತಟ್ಟುವಳು. ಅಂದರೆ, ಒಂದು ಉಪ್ಪು ಇದೆ, ಬರೆದುಕೋ. ಮೊದಲ ಸಲ ನಾನು ಸಂಚಿಗೆ ಕೈ ಹಾಕಲು ಹೋದಾಗ ಅವಳ ಮುಖ ನೋಡಿ ಅಮ್ಮನ ನೆನಪಾಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ. ಅಂದು ಸಂಜೆಯೇ ಅದೇ ಉಪ್ಪಿನ ಒಂದು ಪ್ಯಾಕೆಟ್ಟನ್ನು ನನ್ನ ದುಡ್ಡಿನಲ್ಲಿ ಕೊಂಡು ಕೌಂಟರಿನ ಪಕ್ಕಕ್ಕೆ ಇಟ್ಟುಕೊಂಡೆ. ಅಜ್ಜಿ ತಟ್ಟಿದಾಗಲೆಲ್ಲ ನನ್ನ ಪ್ಯಾಕೆಟ್ಟನ್ನು ಬೆಳಕಿಗೆ ತೋರಿಸುತ್ತಿದ್ದೆ. ಬಿಲ್ಲಿಗೆ ಉಪ್ಪು ಏರುತ್ತಿತ್ತು, ಅವಳ ಉಪ್ಪು ಅಲುಗುತ್ತಿರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಮೇಲೆ ಆಮೇಲೆ ಆ ಹಾಡಿಯ ನಾಲ್ಕಾರು ಹೆಂಗಸರೂ ತಟ್ಟತೊಡಗಿದರು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದಂಥ ವಿಷಯ ಅನ್ನಿಸಿರಲೂ ಇಲ್ಲ.

ಯಂತ್ರ ಬಂದ ಮೇಲೆ ನನ್ನ ಕೌಂಟರನ್ನು ಕಳಚಿ ಗೋಡೌನಿಗೆ ಹಾಕಿದರು. ಆ ಉಪ್ಪಿನ ಪ್ಯಾಕೆಟ್ಟನ್ನು ನಾನು ಮನೆಗೆ ಒಯ್ದು ಸಾರಿಗೆ ಹಾಕಿದೆ. ಒಂದೇ ಒಂದು ಕೌಂಟರ್ ಉಳಿಯಿತು, ಅದಕ್ಕೆ ಮಲಯಾಳ ಬಿಟ್ಟು ಬೇರೆ ಬಾರದ ಹೊಸ ಹುಡುಗಿ. ನನಗೂ ಇನ್ನೊಬ್ಬಳಿಗೂ ಕೆಂಪು ಕೋಟು ತೊಡಿಸಿ ಯಂತ್ರಗಳ ಮುಂದೆ ನಿಲ್ಲಿಸಿದರು. ಗಿರಾಕಿಯ ಸಾಮಾನು ಮುಟ್ಟಕೂಡದು, ಬಾಯಲ್ಲಿ ಹೇಳಿಕೊಡಬೇಕು, ಇಲ್ಲದಿದ್ದರೆ ಅವರು ಕಲಿಯುವುದಿಲ್ಲ ಎಂದು ಅಪ್ಪಣೆಯಾಯಿತು. ಉದ್ದದ ಸಾಲಿನಿಂದ ಜನರನ್ನು ಕರೆದು ಕರೆದು ಯಂತ್ರಕ್ಕೆ ಹಚ್ಚಬೇಕು. ಯಾರು ಎಷ್ಟು ಜನರನ್ನು ಹಚ್ಚಿದರು ಎಂದು ಸಂಜೆ ನೋಡುತ್ತಾರೆ. ಇಬ್ಬರಲ್ಲಿ ಒಬ್ಬಳು ಸಾಕು ಎಂಬ ಮಾತು ಆಗಲೇ ಓಡಾಡುತ್ತಿತ್ತು.

ಯಂತ್ರಕ್ಕೊಂದು ಹೆಣ್ಣು ದನಿ. ಮಲಯಾಳದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಸಾಮಾನು ತೋರಿಸಿ, ಚೀಲಕ್ಕೆ ಹಾಕಿ, ದುಡ್ಡು ಕೊಡಿ, ವಂದನೆ. ದಿನವಿಡೀ ಎಷ್ಟು ವಂದನೆ ಹೇಳಿದರೂ ಅವಳ ಗಂಟಲು ಒಣಗುವುದಿಲ್ಲ. ನೋಟು ನುಂಗಲು ಅದಕ್ಕೊಂದು ಸೀಳು ಬಾಯಿ. ಓದಿದ ಮಕ್ಕಳಿಗೆ ಇದು ಸಲೀಸು, ಅವರು ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ಬಂದು ಯಾರ ಮುಖವನ್ನೂ ನೋಡದೆ ಹೋಗಿಬಿಡುತ್ತಾರೆ. ಅವರನ್ನು ದೂರಲಾರೆ. ನನ್ನ ಮುಖ ನೋಡಲೇಬೇಕು ಎಂದು ಯಾವ ಕಾನೂನಿದೆ?

ಅಜ್ಜಿ ಮುಂದಿನ ಶನಿವಾರ ಬಂದವಳು ಮೂರನೇ ಕೌಂಟರಿದ್ದ ಜಾಗದಲ್ಲಿ ಒಂದು ಗಳಿಗೆ ನಿಂತು, ಆ ಉಳಿದೊಂದು ಕೌಂಟರಿನ ಉದ್ದ ಸಾಲಿನ ಬಾಲಕ್ಕೆ ಹೋಗಿ ಸೇರಿಕೊಂಡಳು. ಅಲ್ಲೇ ಇರಲು ಬಿಟ್ಟಿದ್ದರೆ ಆಗಿತ್ತು. ನಾನೇ ಕರೆದೆ. ಅವಳ ಕಾಲುನೋವಿಗೆ ಮರುಗಿ ಕರೆದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಬೆಳಿಗ್ಗೆಯಿಂದ ಇನ್ನೊಬ್ಬಳು ನನಗಿಂತ ಹೆಚ್ಚು ಜನರನ್ನು ಹಚ್ಚಿದ್ದಳು, ಅದು ಉಳಿದರ್ಧ.

"ಬಾ ಅಜ್ಜಿ, ಇಲ್ಲಿ ಬೇಗ ಆಗ್ತದೆ. ನಾನಿದೀನಿ."

"ನಂಗೆ ಬರಲ್ಲ ಮಗಳೇ ಇದೆಲ್ಲ."

"ಕೊಳಪ್ಪ ಇಲ್ಲ. ನಾ ಹೇಳ್ಕೊಡ್ತೀನಿ."

ಕೊಳಪ್ಪ ಇಲ್ಲ ಅಂದರೆ ನಮ್ಮ ಕಡೆ ಏನೂ ತೊಂದರೆ ಇಲ್ಲ ಎಂದರ್ಥ. ನನ್ನ ಬಾಯಿಂದ ಅಂದು ಬಂದ ಮೊದಲ ಸುಳ್ಳು ಅದು.

ಅವಳು ಚಹಾಪುಡಿಯನ್ನು ಬೆಳಕಿಗೆ ತೋರಿಸಿದಳು, ಅದು ಬೀಪ್ ಅಂದಿತು, ಅವಳು ನಕ್ಕಳು. ಒಣಮೀನು ತೋರಿಸಿದಳು. ಬೆಲ್ಲ ತೋರಿಸಿದಳು. "ಇದಕ್ಕೆ ಎಲ್ಲಾ ಗೊತ್ತಾಗ್ತದೆ!" ಅಂದಳು. ಕೊನೆಗೆ ಯಂತ್ರದ ಮುಖವನ್ನೇ ನೋಡುತ್ತ, ನನಗೆ ಹನ್ನೊಂದು ವರ್ಷ ಮಾಡಿದಂತೆಯೇ, ಸಂಚಿಯ ತಳವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.

ನಾನು ನೋಡಿದೆ. ನನ್ನ ಬಲಗೈ ತನ್ನಷ್ಟಕ್ಕೆ ಪಕ್ಕಕ್ಕೆ ಹೋಯಿತು, ಪ್ಯಾಕೆಟ್ಟಿಗಾಗಿ. ಅಲ್ಲಿ ಏನೂ ಇರಲಿಲ್ಲ. ಉಪ್ಪಿನ ನಂಬರನ್ನು ಒತ್ತಬಹುದಿತ್ತು, ಅಷ್ಟು ನನಗೆ ಬರುತ್ತಿತ್ತು. ಅಷ್ಟರಲ್ಲಿ ನಾಲ್ಕನೇ ಯಂತ್ರ ಯಾರದೋ ನೋಟನ್ನು ನುಂಗಿ ಕೂತಿತು, ಆ ಮನುಷ್ಯ ಅಂಗಡಿ ಎದ್ದುಹೋಗುವಂತೆ ಕೂಗಾಡಿದ. ಓಡಿದೆ. ಬಂದು ಒತ್ತಿದರಾಯಿತು ಅಂದುಕೊಂಡು ಓಡಿದೆ. ಮರಳಿ ನೋಡಿದರೆ ಅಜ್ಜಿ ಇರಲಿಲ್ಲ. ಹಿಂದೆ ನಿಂತಿದ್ದ ಯಾರೋ ಅವಳ ನೋಟನ್ನು ಯಂತ್ರಕ್ಕೆ ತೂರಿಸಿ ಬಿಲ್ಲನ್ನು ಕೈಗಿಟ್ಟು ಕಳಿಸಿದ್ದರು. ಬಾಗಿಲ ಬಳಿ ಗಲಾಟೆ.

ಬಾಗಿಲಲ್ಲಿ ಬಿಲ್ಲನ್ನೂ ಚೀಲವನ್ನೂ ತಾಳೆ ನೋಡಲು ಒಬ್ಬ ಕಾವಲಿನವನಿದ್ದ. ಕೌಂಟರುಗಳಿದ್ದ ಕಾಲದಲ್ಲಿ ಅಲ್ಲೇ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದವನೇ ಈಗ ಎದ್ದು ನಿಂತಿದ್ದ. ಸಂಚಿಯ ತಳ ಮುಟ್ಟಿ ನೋಡಿ, ಉಪ್ಪು ತೆಗೆದು ಕೈಗೆ ಕೊಡು ಎಂದು ಮಲಯಾಳದಲ್ಲಿ ಗದರುತ್ತಿದ್ದ. ಅಜ್ಜಿ ತುಂಬ ಹೊತ್ತು ಒಪ್ಪಲಿಲ್ಲ. ಆಮೇಲೆ ಪ್ಯಾಕೆಟ್ಟನ್ನು ಹೊರತೆಗೆದು, ಅವನು ಚಾಚಿದ ಕೈಯನ್ನು ಬಿಟ್ಟು, ನೆಲದ ಮೇಲಿಟ್ಟು ಹಿಂದೆ ಸರಿದಳು. ಕದ್ದದ್ದಲ್ಲದೆ ಕೊಬ್ಬು ಬೇರೆ ಎಂದು ಅವನು ಇನ್ನೂ ಕೂಗಿದ. ಅವನೊಂದಿಗಿನ ನಂಟನ್ನೂ ಉಳಿಸಲು ನೋಡಿದ ಆ ಮುದುಕಿಗೆ ಸಿಕ್ಕ ಮಾತು ಅದು. ಸುತ್ತ ಜನ ಸೇರಿದರು. ಮ್ಯಾನೇಜರು ಬಂದರು.

ಅಜ್ಜಿ ನನ್ನನ್ನು ಕಂಡಳು. ಅವಳ ಮುಖ ಹಗುರಾಯಿತು. ಆ ಹಗುರಾದ ಮುಖವೇ ನನ್ನನ್ನು ಇವತ್ತಿಗೂ ಕೊಲ್ಲುತ್ತದೆ.

"ಮಗಳೇ, ನೀನೇ ಹೇಳು ಇವ್ರಿಗೆ. ನಾ ತಟ್ಟಿದ್ನಲ್ಲ."

ಮ್ಯಾನೇಜರು ನನ್ನ ಕಡೆ ತಿರುಗಿ, "ಚೇಚಿ ಅಲ್ಲೇ ನಿಂತಿದ್ದರಲ್ಲ. ಇವಳು ಉಪ್ಪನ್ನು ಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿದಿರಾ?" ಎಂದು ಮಲಯಾಳದಲ್ಲಿ ಕೇಳಿದರು. ಚೇಚಿ ಅಂದರೆ ಅಕ್ಕ. ಕೆಲಸದಿಂದ ತೆಗೆಯುವಾಗಲೂ ಹಾಗೆಯೇ ಕರೆಯುತ್ತಾರೆ.

ಹೇಳಬೇಕಾದ ಮಾತೆಲ್ಲ ನಾಲಗೆಯ ತುದಿಯಲ್ಲಿತ್ತು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಏನೆಂಬುದೂ ಗೊತ್ತಿತ್ತು. ಹನ್ನೊಂದು ವರ್ಷ ಚೀಲದೊಳಗೆ ಏನಿದೆಯೆಂದು ನೋಡದೆ ಬೇರೆ ಪ್ಯಾಕೆಟ್ಟಿಗೆ ಬಿಲ್ ಹಾಕಿದೆಯಾ? ಇನ್ನೇನೇನು ಹಾಗೆ ಹೊರಗೆ ಹೋಗಿದೆ? ಹಿಂದಿನ ತಿಂಗಳಷ್ಟೇ ಇದಕ್ಕಿಂತ ಸಣ್ಣ ಅನುಮಾನಕ್ಕೆ ಒಬ್ಬಳನ್ನು ಮನೆಗೆ ಕಳಿಸಿದ್ದರು. ಮನೆಯಲ್ಲಿ ಮಲಗಿದಲ್ಲೇ ಇರುವ ಗಂಡನ ಸೊಂಟ ಕಣ್ಣ ಮುಂದೆ ಬಂತು. ಬಡವಾ, ನೀ ಮಡಗಿದ್ಹಾಂಗಿರು.

"ಇಲ್ಲ ಸಾರ್. ನಾನು ನೋಡಲಿಲ್ಲ."

ಹಾಕಿಕೊಂಡದ್ದನ್ನು ನಾನು ನೋಡಿರಲಿಲ್ಲ, ಅದು ಕಪಾಟಿನ ಹತ್ತಿರ ಆದದ್ದು. ತಟ್ಟಿದ್ದನ್ನು ನೋಡಿದ್ದೆ. ಅವರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಇಷ್ಟು ಸಣ್ಣ ಸಂದಿನಲ್ಲಿ ಇಡೀ ಮನುಷ್ಯ ನುಸುಳಿ ತಪ್ಪಿಸಿಕೊಳ್ಳಬಹುದು ಎಂದು ನನಗೆ ಅಂದು ಗೊತ್ತಾಯಿತು.

ಮಲಯಾಳ ಅಜ್ಜಿಗೂ ಅರ್ಥವಾಗುತ್ತದೆ. ಅವಳು ನನ್ನಿಂದ ಮುಖ ತಿರುಗಿಸಿ ಸಂಚಿಯ ಬಾಯಿ ಕಟ್ಟತೊಡಗಿದಳು. ಮ್ಯಾನೇಜರು ದೊಡ್ಡ ಮನಸ್ಸು ಮಾಡಿದರು. ಪಾಪ, ಕಾಡಿನವರು, ಬಿಟ್ಟುಬಿಡಿ ಅಂದರು. ಕೂಡಿದ್ದ ಜನ ಪಾಪ ಪಾಪ ಅಂದರು. ಬೈದಿದ್ದರೆ ಅವಳು ಎದುರು ಮಾತಾದರೂ ಆಡುತ್ತಿದ್ದಳೇನೋ, ಪಾಪಕ್ಕೆ ಯಾವ ಉತ್ತರ? ಕಾವಲಿನವನು ಮೊಬೈಲಿನಲ್ಲಿ ಅವಳ ಫೋಟೋ ತೆಗೆದುಕೊಂಡು ಇನ್ನು ಮುಂದೆ ಬರಬೇಡ ಅಂದ. ಅವಳು ಸಂಚಿಯನ್ನು ಬಗಲಿಗೇರಿಸಿ ಮೆಟ್ಟಿಲಿಳಿದು ಹೋದಳು. ನೆಲದ ಮೇಲೆ ಉಳಿದ ಉಪ್ಪನ್ನು ಕಪಾಟಿಗೆ ಮರಳಿ ಇಡಲು ನನಗೇ ಹೇಳಿದರು.

ಇಟ್ಟೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ತಿಂದದ್ದು ಅಂಗಡಿಯ ಉಪ್ಪು, ಅದಕ್ಕೆ ನಿಯತ್ತಾಗಿಯೇ ನಡೆದುಕೊಂಡೆ ಎಂದು ಆ ರಾತ್ರಿ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಸಮಾಧಾನ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಕೆಲಸ ಮಾತ್ರ ಉಳಿಯಿತು. ಇನ್ನೊಬ್ಬಳನ್ನು ಕಳಿಸಿದರು. ಹಾಡಿಯ ಹೆಂಗಸರು ಯಾರೂ ನಮ್ಮ ಅಂಗಡಿಗೆ ಬರುವುದಿಲ್ಲ. ಕನ್ನಡದಲ್ಲಿ ಒಂದು ಮಾತಾಡದೆ ದಿನ ಮುಗಿಯುತ್ತದೆ.

ಒಂದು ತಿಂಗಳು ತಡೆದೆ. ಆಮೇಲೆ ಒಂದು ರಜೆಯ ದಿನ ಬೇಗೂರಿನಲ್ಲಿ ಬಸ್ಸಿಳಿದು ಹಾಡಿಗೆ ನಡೆದೆ. ಚೀಲದಲ್ಲಿ ಉಪ್ಪೊಂದೇ ಇತ್ತು. ಬೇರೇನು ಒಯ್ದರೂ ಲಂಚದಂತೆ ಕಾಣುತ್ತದೆ ಅನ್ನಿಸಿತ್ತು. ಅಜ್ಜಿ ಅಂಗಳದಲ್ಲಿ ಕೂತು ಸೌದೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಚಾಪೆ ಹಾಸಿದಳು, ಬೆಲ್ಲದ ಕರಿಚಹಾ ಕೊಟ್ಟಳು. ಬಸ್ಸು ಸಿಕ್ಕಿತಾ ಎಂದು ಕೇಳಿದಳು. ಆನೆಯ ಸುದ್ದಿ ಹೇಳಲಿಲ್ಲ.

"ಅಜ್ಜಿ, ಅವತ್ತು ನಾನು ಹೇಳಬೇಕಿತ್ತು. ತಪ್ಪಾತು. ಕೆಲ್ಸ ಹೋಗ್ತದೆ ಅಂತ ಹೆದರಿದೆ."

"ಗೊತ್ತು ಮಗಳೇ. ನಿಂಗೂ ಹೊಟ್ಟೆ ಅದೆ."

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಬೇಡಿಕೊಳ್ಳಬಹುದಿತ್ತು. ನಾನು ಚೀಲದಿಂದ ಉಪ್ಪನ್ನು ತೆಗೆದು, ಇಬ್ಬರ ನಡುವೆ ಚಾಪೆಯ ಅಂಚಿನಲ್ಲಿ ಇಡಲು ಬಗ್ಗಿದೆ. ಅಮ್ಮ ಇಡುತ್ತಿದ್ದಂತೆ, ಇಟ್ಟು ಕೈ ಹಿಂದೆ ಎಳೆದುಕೊಳ್ಳುವುದಕ್ಕೆ.

ಅಜ್ಜಿ ಅಂಗೈ ಚಾಚಿದಳು.

"ಕೆಳಗಿಡಬೇಡ," ಅಂದಳು. "ಕೈಗೇ ಕೊಡು."

ನಾನು ಇನ್ನೊಮ್ಮೆ ಚಾಪೆಯ ಕಡೆಗೇ ಬಗ್ಗಿದೆ. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಆ ಅಂಗೈಯ ಮೇಲೆ ಉಪ್ಪನ್ನು ಇಟ್ಟೆ.