ಫೋನ್ ಮೊದಲು ಯಾರು ಇಡಬೇಕು

ಹೆಬ್ಬಾಳದ ನಮ್ಮ ಕಾಲ್ ಸೆಂಟರಿನಲ್ಲಿ ಗ್ರಾಹಕರಿಗಿಂತ ಮೊದಲು ಫೋನ್ ಇಡುವುದು ಅಮರ್ಯಾದೆ. ಆದರೆ ಕರೆ ಉದ್ದವಾದರೆ ಬಡ್ತಿಗೆ ಲೆಕ್ಕ ಹಿಡಿಯುವ ನಮ್ಮ ಅಂಕಕ್ಕೆ ಕತ್ತರಿ.

ರಾಜಾನುಕುಂಟೆಯ ಅಜ್ಜಿಯೊಬ್ಬರ ಮಿಕ್ಸಿ ದೂರು ಬೇಗನೆ ಮುಗಿಯಿತು.

“ಸರಿ, ಫೋನ್ ಇಡಪ್ಪ.”

“ನೀವೇ ಇಡಿ ಅಮ್ಮ.”

“ಮಾತಾಡ್ತಿರೋರ ಫೋನು ನಾನೆಂಗಪ್ಪ ಕಟ್ ಮಾಡ್ಲಿ? ಊಟ ಆಯ್ತಾ?”

ಸುಮ್ಮನಿರುವುದೂ ಚೆನ್ನಾಗಿರುವುದಿಲ್ಲವೆಂದು ಅವರು ನಮ್ಮ ಮನೆಯವರನ್ನೆಲ್ಲ ವಿಚಾರಿಸಿಕೊಂಡರು. ಈ ತಿಂಗಳ ಬಡ್ತಿ ನನ್ನ ಕಣ್ಣೆದುರೇ ಕರಗುತ್ತಿತ್ತು.

“ಮಾತು ಮುಗಿಸೋದು ಒಂದು ಕಲೆ ಗುರು, ನೋಡಿ ಕಲಿ” ಎಂದು ಮ್ಯಾನೇಜರ್ ನನ್ನ ಹೆಡ್‌ಸೆಟ್ ತೆಗೆದುಕೊಂಡರು.

ನಾನು ಕಾಫಿ ಕುಡಿದು ಬಂದಾಗ, ತಮಗಿನ್ನೂ ಏಕೆ ಮದುವೆಯಾಗಿಲ್ಲವೆಂದು ಅವರು ಅಜ್ಜಿಗೆ ವಿವರಿಸುತ್ತಿದ್ದರು. ಅಂಕ ಯಾರದು ಹೋಗುತ್ತದೆಂದು ನಾನು ಕೇಳಲಿಲ್ಲ. ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು.