ಬಾನಕ್ಕನ ಕೊಸರು

ಮೆಹರ್ ಬಾನು ದಾವಣಗೆರೆಯಲ್ಲಿ ಗಂಡನ ಗ್ರಂಥಿಗೆ ಅಂಗಡಿಯಲ್ಲಿ ಮೂವತ್ತು ವರ್ಷ ಬೇರು, ತೊಗಟೆ, ಸೊಪ್ಪು ತೂಗಿದವರು. ಗಂಡ ತೀರಿಕೊಂಡ ಮೇಲೆ ಅಂಗಡಿ ಮೈದುನನ ಪಾಲಿಗೆ ಹೋಯಿತು, ತೂಗುವ ಕೈ ಇವರ ಬಳಿ ಉಳಿಯಿತು. ಆ ಕೈಯನ್ನು ನಂಬಿ ಹರಿಹರದ ನಮ್ಮ ಕೇಂದ್ರಕ್ಕೆ ಗುತ್ತಿಗೆ ಮೇಲೆ ಬಂದರು. ಎಲ್ಲರೂ ಬಾನಕ್ಕ ಎನ್ನುತ್ತಿದ್ದರು. ನಾನು ಅಲ್ಲಿನ ಗುಮಾಸ್ತ, ಅಂಜನ್ ಕುಮಾರ್. ತೂಗುವುದು ಅವರು, ಬರೆಯುವುದು ನಾನು.

ನಮ್ಮದು ಸರ್ಕಾರದ ಪ್ರಾಯೋಗಿಕ ಯೋಜನೆ. ಯಾವ ಮಾತ್ರೆಗೂ ಬಗ್ಗದ ನೋವಿರುವವರಿಗೆ, ವೈದ್ಯರ ಚೀಟಿ ನೋಡಿ, ಶುದ್ಧಿ ಮಾಡಿದ ಭಂಗಿ ಸೊಪ್ಪಿನ ಪುಡಿಯನ್ನು ಪುಕ್ಕಟೆಯಾಗಿ ಕೊಡುವುದು. ದಿನಕ್ಕೆ ಒಂದು ಗ್ರಾಂ, ಅಂದರೆ ಪುಡಿಯ ಜೊತೆ ಕೊಡುವ ಪುಟ್ಟ ಚಮಚದಲ್ಲಿ ಒಂದು; ತಿಂಗಳಿಗೆ ಮೂವತ್ತು. ಭಂಗಿ ಎಂದು ಕೇಳಿ ಮೊದಲ ವಾರ ಕೆಲವರು ಕಿಟಕಿಯಲ್ಲಿ ಇಣುಕಿದರು, ಒಳಗೆ ನನ್ನ ಮುಖ ನೋಡಿ ಹೊರಟುಹೋದರು. ಅನುದಾನದ ಮೊದಲ ಕಂತಿನಲ್ಲಿ ಬೀಗ ಬಂತು, ಎರಡನೆಯದರಲ್ಲಿ ಕಪಾಟು. ನಡುವಿನ ನಾಲ್ಕು ತಿಂಗಳು ಬೀಗವನ್ನು ನನ್ನ ಮೇಜಿನ ಡ್ರಾಯರ್‌ನಲ್ಲಿ ಜೋಪಾನ ಮಾಡಿದೆವು. ಪುಡಿ ಬಂದದ್ದು ಅದಾದ ಮೇಲೆ.

ಹನ್ನೊಂದು ಜನ ರೋಗಿಗಳಲ್ಲಿ ಕಮಲಕ್ಕ ಒಬ್ಬರು, ಹರಿಹರದವರೇ. ಕಾಲಿನ ನರಗಳು ಸೆಟೆದುಕೊಳ್ಳುವ ಕಾಯಿಲೆ. ಎರಡು ವರ್ಷ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದವರು ಈ ಪುಡಿ ಶುರುವಾದ ಮೇಲೆ ಮಲಗಿ ನಿದ್ದೆ ಮಾಡತೊಡಗಿದರು. ಪ್ರತಿ ತಿಂಗಳು ಕೋಲೂರಿಕೊಂಡು ಆಟೋದಿಂದ ಇಳಿದು, ಪೊಟ್ಟಣ ತೆಗೆದುಕೊಂಡು, ಬಾನಕ್ಕನ ಜೊತೆ ಅರ್ಧ ಗಂಟೆ ಮಾತಾಡಿ ಹೋಗುತ್ತಿದ್ದರು. ಆ ಅರ್ಧ ಗಂಟೆಗೆ ನನ್ನ ರಿಜಿಸ್ಟರ್‌ನಲ್ಲಿ ಕಾಲಂ ಇರಲಿಲ್ಲ.

ತಪಾಸಣೆ ವರ್ಷಕ್ಕೊಮ್ಮೆ ಎಂದು ನಿಯಮ. ಹತ್ತೊಂಬತ್ತು ತಿಂಗಳಾದ ಮೇಲೆ, ಮಾರ್ಚ್ ನಾಲ್ಕರಂದು, ಸರಿಯಾಗಿ ವಿತರಣೆಯ ದಿನವೇ ಬಂತು. ಅಬಕಾರಿ ಇನ್ಸ್‌ಪೆಕ್ಟರ್ ಸೂರಪ್ಪ ಉಳಿದ ಪುಡಿಯನ್ನು ತೂಗಿಸಿದರು. ನನ್ನ ಲೆಕ್ಕಕ್ಕಿಂತ ಇನ್ನೂರ ಒಂಬತ್ತು ಗ್ರಾಂ ಕಮ್ಮಿ. ನಾನು ರಿಜಿಸ್ಟರ್ ತೆರೆದು ಮೊದಲಿನಿಂದ ಕೂಡತೊಡಗಿದೆ. ಬಾನಕ್ಕ ಮಾತ್ರ ನಿರಾಳವಾಗಿದ್ದರು.

"ಅದು ಕೊಸರು ಸಾಹೇಬ್ರ," ಅಂದರು. "ಮೂವತ್ತು ತೂಗಿದ ಮ್ಯಾಲೆ ಒಂದು ಚಿಟಿಕೆ ಹಾಕ್ತೀನಿ. ಬರೇ ತೂಕ ಕೊಟ್ಟು ಕಳಿಸಾಕ ಆಗತೈತೇನ್ರಿ? ನಮ್ಮ ಅಂಗಡ್ಯಾಗ ಯಾರೂ ಹಂಗ ಹೋಗಿಲ್ಲ."

ತರಕಾರಿಯವಳೂ ಕೊಡುವ ಕೊಸರು ಅದು. ಹತ್ತೊಂಬತ್ತು ತಿಂಗಳು ನನ್ನ ಕಣ್ಣೆದುರೇ ಹಾಕಿದ್ದರು. ಅದನ್ನು ನಾನೂ ನೋಡಿದ್ದೆ, ನೋಡಬೇಕಾದ್ದು ಎಂದು ಅನ್ನಿಸಿಯೇ ಇರಲಿಲ್ಲ.

ಸೂರಪ್ಪ ಕನ್ನಡಕ ತೆಗೆದು ಒರೆಸಿದರು. "ಬಾಯಿಮಾತು ನಾನು ಬರಕೊಳ್ಳಲ್ಲಮ್ಮ. ಕಾಗದದ ಮ್ಯಾಲೆ ಕೊಡ್ರಿ. ಆದ್ರ ಕೊಸರು ಅಂತ ಬರದ್ರಿ ಅಂದ್ರ ಅದು ಅಕ್ರಮ ವಿತರಣೆ. ಕೇಂದ್ರ ಕಾಯಂ ಬಂದ್ ಆಗತೈತೆ." ಕಪಾಟಿಗೆ ಸೀಲು ಹಾಕಿ ಹೋದರು. ಹೊರಗೆ ಕಾಯುತ್ತಿದ್ದ ಹನ್ನೊಂದು ಜನರನ್ನು ಬರಿಗೈಯಲ್ಲಿ ಕಳಿಸಿದ್ದು ನಾನು.

ಮರುದಿನವೇ ನಿಯಮದ ಪುಸ್ತಕದಲ್ಲಿ ದಾರಿ ಸಿಕ್ಕಿತು. ಪುಡಿ ಒಣಗಿ, ಹಾರಿ ನಷ್ಟವಾದರೆ ನೂರಕ್ಕೆ ಐದರವರೆಗೆ ಮಾಫಿ. ನಮ್ಮ ಕೊರತೆ ಅದರ ಒಳಗೇ ಇತ್ತು. ಪುಡಿ ಗಾಳಿಗೆ ಹೋದರೆ ಸರ್ಕಾರಕ್ಕೆ ಬೇಸರವಿಲ್ಲ, ಕಮಲಕ್ಕನ ಹೊಟ್ಟೆಗೆ ಹೋದರೆ ಕೇಸು. 'ಯಾರಿಗೂ ಹೆಚ್ಚುವರಿ ಕೊಟ್ಟಿಲ್ಲ, ಪುಡಿ ಹಾರಿ ಕಮ್ಮಿಯಾಗಿದೆ' ಎಂದು ಎರಡು ಸಾಲು ಟೈಪ್ ಮಾಡಿ, ತೂಗಿದವರ ಸಹಿಯೇ ಬೇಕಿದ್ದರಿಂದ, ಬಾನಕ್ಕನ ಮುಂದೆ ಇಟ್ಟೆ.

ಓದಿ ವಾಪಸ್ ತಳ್ಳಿದರು. "ತೂಕದಾಗ ನಾನು ಒಂದಿನ ಸುಳ್ಳು ಹೇಳಿಲ್ಲ ಅಂಜನ್ ಸಾರ್. ಈ ವಯಸ್ಸಿನಾಗ ಬ್ಯಾಡ."

"ಕೊಸರಿನ ಲೆಕ್ಕದಾಗ ಸುಳ್ಳು ಹೇಳಿದ್ರ ಅದು ತೂಕದ ಸುಳ್ಳು ಆಗಲ್ಲ ಬಾನಕ್ಕ."

"ನಿಮಗ ಆಗಲ್ಲ. ನನಗ ಆಗತೈತೆ."

ದಿನಾ ಬೆಳಿಗ್ಗೆ ಆ ಕಾಗದ ಅವರ ಮುಂದೆ ಇಟ್ಟೆ. ದಿನಾ ಸಂಜೆ ಅದನ್ನೇ ಮಡಿಸಿ ಒಳಗಿಟ್ಟೆ. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಗೌರವವೂ ಇತ್ತು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು. ನಾವಿಬ್ಬರೂ ಸೀಲು ಹಾಕಿದ ಕಪಾಟನ್ನು ಕಾಯುತ್ತ ಕೂತೆವು. ಹಾಜರಾತಿ ಪೂರ್ತಿ ಸಿಕ್ಕಿತು.

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ಸೂರಪ್ಪನವರ ಫೋನ್ ಬಂತು. ವಿವರಣೆ ಇವತ್ತು ಮಧ್ಯಾಹ್ನದೊಳಗೆ ಬರದಿದ್ದರೆ ಅನುದಾನ ವಾಪಸ್ ಹೋಗುತ್ತದೆ, ಮುಂದಿನ ವರ್ಷದ ಪಟ್ಟಿಯಲ್ಲಿ ಹರಿಹರ ಇರುವುದಿಲ್ಲ. ನಾನು ಅದನ್ನು ಬಾನಕ್ಕನಿಗೆ ಇದ್ದ ಹಾಗೆ ಹೇಳಿದೆ. ತಮ್ಮ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಪೆನ್ನು ಕೇಳಿದರು. ಸಹಿ ಮಾಡುವಾಗ ಕಣ್ಣಲ್ಲಿ ನೀರಿತ್ತು. ಸೂರಪ್ಪ ಖುದ್ದಾಗಿ ಬಂದು ಸೀಲು ಒಡೆದರು. ಕಾಗದವನ್ನು ಓದದೇ ಫೈಲಿಗೆ ಹಾಕಿಕೊಂಡರು. ಒಳ್ಳೆಯ ಮನುಷ್ಯ.

ಮಧ್ಯಾಹ್ನ ಎಲ್ಲರಿಗೂ ಫೋನ್ ಮಾಡಿದೆ. ಮೊದಲು ಬಂದವರು ಕಮಲಕ್ಕ. ಕಣ್ಣು ಗುಳಿಬಿದ್ದಿದ್ದವು. ಬಾನಕ್ಕ ಎದ್ದು ಕುರ್ಚಿ ಕೊಟ್ಟರು.

"ಇಪ್ಪತ್ತೇಳು ದಿನ ಹೆಂಗ ಕಳದ್ರಿ ಕಮಲಕ್ಕ?"

"ನಿಮ್ಮ ಕೊಸರು ಇತ್ತಲ್ಲ ಬಾನಕ್ಕ. ತಿಂಗಳಿಗೆ ಮೂವತ್ತು ಚಮಚ ತಗಂಡ ಮ್ಯಾಲೆ ಒಂದು ಚಮಚ ಉಳಿತಿತ್ತು. ಡಾಕ್ಟ್ರು ಜಾಸ್ತಿ ಬ್ಯಾಡ ಅಂದಿದ್ರಲ್ಲ, ಡಬ್ಬ್ಯಾಗ ಎತ್ತಿಟ್ಟಿದ್ದೆ. ಹತ್ತೊಂಬತ್ತು ದಿನ ಬಂತು."

"ಆಮ್ಯಾಲೆ?"

"ಆಮ್ಯಾಲೆ ಗೋಡಿಗೆ ಕುಂತೆ."

"ಎಂಟು ದಿನ," ಅಂದರು ಬಾನಕ್ಕ. ನನ್ನ ಕಡೆ ನೋಡಲಿಲ್ಲ. ನಾನು ಕಾಗದ ಮೊದಲ ಸಲ ಮುಂದಿಟ್ಟ ದಿನವೇ ಸಹಿ ಬಿದ್ದಿದ್ದರೆ ಆ ಎಂಟು ದಿನ ಇರುತ್ತಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಕಮಲಕ್ಕನಿಗೆ ಗೊತ್ತಿರಲಿಲ್ಲ, ಪಾಪ, ಅವರು ಬಾನಕ್ಕನ ಕೈ ಹಿಡಿದುಕೊಂಡು ಪುಣ್ಯ ಬರಲಿ ಅಂದರು.

ಬಾನಕ್ಕ ಕೈ ಬಿಡಿಸಿಕೊಂಡು ತಕ್ಕಡಿಯ ಮುಂದೆ ಕೂತರು. ಮೂವತ್ತು ಆಯಿತು. ರೂಢಿಯಂತೆ ಬೆರಳುಗಳು ಮತ್ತೆ ಡಬ್ಬಿಗೆ ಇಳಿದವು, ಚಿಟಿಕೆ ಹಿಡಿದವು, ಅಲ್ಲೇ ನಿಂತವು. ನಾನು ರಿಜಿಸ್ಟರ್ ಕಡೆ ಮುಖ ತಿರುಗಿಸಿದೆ, ಹಾಕಿಬಿಡಲಿ ಎಂದು. ಮುಚ್ಚಳ ತಿರುವುವ ಸದ್ದು ಕೇಳಿತು.

"ಅಷ್ಟೇ ಕಮಲಕ್ಕ," ಅಂದರು ಬಾನಕ್ಕ.

ಕಮಲಕ್ಕ ಪೊಟ್ಟಣದ ಬಾಯಿ ಬಿಡಿಸಿ ಹಿಡಿದುಕೊಂಡೇ ಇದ್ದರು.